ಬೀಗರು ಹಿಡಿದ ಛತ್ರಿ

ಬೀಗರೇ, ಹೆಲಿಕಾಪ್ಟರಿನ ರೆಕ್ಕೆ ಪೂರ್ತಿ ನಿಲ್ಲುವ ತನಕ ಹತ್ತಿರ ಹೋಗಬಾರದೆಂದು ನಾನು ನಿಮಗೆ ಹೇಳಿಯೇ ಇರಲಿಲ್ಲ. ಹೇಳಿದ್ದೆ ಎಂದು ಇಷ್ಟು ವರ್ಷ ಸುಳ್ಳಾಡಿಕೊಂಡು ಬಂದೆ.

ಡೆಟ್ರಾಯಿಟಿನ ಸುತ್ತಮುತ್ತ ಮನೆಗೊಬ್ಬರು ಕೆಲಸ ಕಳೆದುಕೊಂಡಿದ್ದ ಕಾಲ ಅದು. ರಾಚೆಸ್ಟರ್ ಹಿಲ್ಸ್‌ನಲ್ಲಿ, ಕಾರಿನ ಬಿಡಿಭಾಗಗಳ ಕಂಪನಿಯಲ್ಲಿದ್ದ ನನ್ನ ಕೆಲಸವೂ ಹೋಗಿತ್ತು. ಆದರೂ ಮಗನನ್ನು ಮದುವೆಗೆ ಹೆಲಿಕಾಪ್ಟರಿನಲ್ಲೇ ಇಳಿಸುವ ಹುಚ್ಚು — ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ನಾನಿನ್ನೂ ಮುಳುಗಿಲ್ಲವೆಂದು ನಾಲ್ಕು ಜನಕ್ಕೆ, ಅದರಲ್ಲೂ ನಿಮಗೆ, ತೋರಿಸಬೇಕಿತ್ತು.

ಬೆಳಿಗ್ಗೆ ಪೈಲಟ್ ನನ್ನೊಬ್ಬನನ್ನೇ ಪಕ್ಕಕ್ಕೆ ಕರೆದು ಎಲ್ಲ ವಿವರಿಸಿದ್ದ. ಇಂಜಿನ್ ಆಫ್ ಮಾಡಿದ ಮೇಲೆ ರೆಕ್ಕೆ ನಿಧಾನವಾಗುತ್ತದಲ್ಲ, ಆಗಲೇ ಅದರ ತುದಿ ಕೆಳಕ್ಕೆ ಬಾಗುವುದಂತೆ. ನೋಡುವವರಿಗೆ ಮಾತ್ರ ಅಪಾಯ ಕಳೆಯಿತು ಅನ್ನಿಸುವುದಂತೆ. ಯಾರೂ ಹತ್ತಿರ ಬರಬಾರದು, ತಲೆಗಿಂತ ಎತ್ತರಕ್ಕೆ ಏನನ್ನೂ ಹಿಡಿಯಬಾರದು, ಎಂದು ಹೇಳಿ, ಎಲ್ಲರಿಗೂ ತಿಳಿಸುವ ಹೊಣೆಯನ್ನು ನನಗೇ ಒಪ್ಪಿಸಿದ. ತಲೆಯಾಡಿಸಿದೆ. ಆಮೇಲೆ ವಿಡಿಯೋದವನ ಜೊತೆ ಮಾತಾಡುತ್ತಾ — ಇಲ್ಲ, ಮರೆತಿರಲಿಲ್ಲ. ಮದುವೆಮನೆಯಲ್ಲಿ ಅಪಾಯದ ಮಾತೆತ್ತುವುದು ಅಪಶಕುನ ಅನ್ನಿಸಿತು. ನನ್ನ ಸಂಭ್ರಮಕ್ಕೆ ನಾನೇ ಏಕೆ ಕಲ್ಲು ಹಾಕಿಕೊಳ್ಳಲಿ ಅನ್ನಿಸಿತು.

ಹೆಲಿಕಾಪ್ಟರ್ ಹುಲ್ಲಿನ ಮೇಲೆ ಇಳಿಯಿತು. ಸದ್ದು ಕಡಿಮೆಯಾಗುತ್ತಿದ್ದಂತೆ ನೀವು ಅಳಿಯನನ್ನು ಎದುರುಗೊಳ್ಳಲು ಜರಿಯಂಚಿನ ಛತ್ರಿ ಬಿಚ್ಚಿಕೊಂಡು ನನ್ನತ್ತ ತಿರುಗಿದಿರಿ.

"ಈಗ ಹೋಗ್ಬಹುದಾ, ಬೀಗ್ರೇ?"

"ಹೋಗಿ, ಹೋಗಿ! ಮುಹೂರ್ತ ಮೀರತ್ತೆ."

ರೆಕ್ಕೆ ಛತ್ರಿಗೆ ಬಡಿಯಿತು. ಅದರ ಕೋಲು ತಿರುಚಿಕೊಂಡು ನಿಮ್ಮ ಬಲಗೈಯ ಎರಡು ಬೆರಳು ಜಜ್ಜಿಹೋದವು. ಇನ್ನೊಂದಡಿ ಮುಂದೆ ಹೋಗಿದ್ದರೆ — ಆ ಯೋಚನೆಯನ್ನು ಪೂರ್ತಿ ಮಾಡಲು ಇವತ್ತಿಗೂ ನನ್ನಿಂದ ಆಗುವುದಿಲ್ಲ.

ಪ್ರಜ್ಞೆ ತಪ್ಪಿ ಬಿದ್ದ ನಿಮಗೆ ಅದ್ಯಾವುದೂ ನೆನಪಿರಲಿಲ್ಲ. ಅದು ಗೊತ್ತಾದ ಮೇಲೆಯೇ ನನಗೆ ಧೈರ್ಯ ಬಂದದ್ದು. "ನಾನು ಹೇಳಿದ್ದೆ, ಗದ್ದಲದಲ್ಲಿ ಅವರಿಗೆ ಕೇಳಿಸ್ಲಿಲ್ಲ" ಎಂದೆ. ಎದುರುಗೊಳ್ಳಲು ಹೋಗುವವರು ನೀವೊಬ್ಬರೇ, ಹಾಗಾಗಿ ನಿಮಗೊಬ್ಬರಿಗೇ ಹೇಳಿದ್ದೆ ಎಂದರೆ ಎಲ್ಲರೂ ನಂಬಿದರು. ನೀವೂ ನಂಬಿದಿರಿ.

ದಂತವೈದ್ಯರಾಗಿದ್ದ ನೀವು ವೆಸ್ಟ್ ಬ್ಲೂಮ್‌ಫೀಲ್ಡ್‌ನ ಕ್ಲಿನಿಕ್ ಮುಚ್ಚಿದಿರಿ. ಸಾಲದೆಂಬಂತೆ, ಮದುವೆಯ ದಿನ ಕೆಡಿಸಿದೆನೆಂದು ನನ್ನ ಬಳಿಯೇ ಕ್ಷಮೆ ಕೇಳಿದಿರಿ! "ಇರ್ಲಿ ಬಿಡಿ" ಎಂದೆ ನಾನು, ದೊಡ್ಡ ಮನುಷ್ಯನ ಹಾಗೆ. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆ.

ಕಳೆದ ಭಾನುವಾರ ಊಟದ ಮಧ್ಯೆ ಮೊಮ್ಮಗಳು ನಿಮ್ಮ ಸೊಟ್ಟ ಬೆರಳು ಹಿಡಿದು ಏನಾಯಿತೆಂದು ಕೇಳಿದಳು. "ಈ ತಾತ ಹೇಳಿದ್ರು ಪುಟ್ಟಿ, ನಾನು ಕೇಳ್ಲಿಲ್ಲ. ಅದಕ್ಕೇ ದೊಡ್ಡೋರ ಮಾತು ಕೇಳ್ಬೇಕು" ಎಂದು ನಕ್ಕಿರಿ. ಅವಳು ನನ್ನ ಕಡೆ ತಿರುಗಿದಳು. "ವಾಟ್ ಡಿಡ್ ಯೂ ಟೆಲ್ ಹಿಮ್, ತಾತಾ?"

ನಾನು ಅವಳ ತಟ್ಟೆಗೆ ಇನ್ನೊಂದು ಹಪ್ಪಳ ಹಾಕಿದೆ.

ಈ ಭಾನುವಾರವೂ ನೀವು ಬರುತ್ತೀರಿ. ಮಗ-ಸೊಸೆಯ ಮುಂದೆ, ಮೊಮ್ಮಗಳ ಮುಂದೆ, ಇದನ್ನೆಲ್ಲ ಬಾಯಿಬಿಟ್ಟು ಹೇಳುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ. ಯಾವ ದೊಡ್ಡವರ ಮಾತು ಕೇಳಬೇಕೆಂಬುದನ್ನು ಆಮೇಲೆ ಅವಳೇ ತೀರ್ಮಾನಿಸಲಿ.