ಅರ್ಧ ಮೀಸೆಯ ಡೈರೆಕ್ಟರು

ಚಿಕ್ಕಮುನಿಯಪ್ಪನಿಗೆ ಫುಟ್‌ಬಾಲ್ ಗೊತ್ತಿರಲಿಲ್ಲ. ಚೆಂಡು ಅವರ ಕಂಬಗಳ ನಡುವೆ ಹೋದರೆ ಒಳ್ಳೆಯದು, ನಮ್ಮ ಕಂಬಗಳ ನಡುವೆ ಬಂದರೆ ಕೆಟ್ಟದ್ದು, ಇಷ್ಟೇ ಅವನ ಶಾಸ್ತ್ರಜ್ಞಾನ. ಆದರೂ ಚಿನ್ನದ ಗಣಿ ಸೀಮೆಯ ಆಂಡರ್ಸನ್‌ಪೇಟೆಯ ಬಾಲಾಂಜನೇಯ ಫುಟ್‌ಬಾಲ್ ಕ್ಲಬ್ಬಿಗೆ ಅವನು ಡೈರೆಕ್ಟರು. ಯಾಕೆಂದರೆ ಅವನ ಹತ್ತಿರ ಒಂದು ಕಮಾನು ಗಾಡಿ ಇತ್ತು, ಒಂದು ಜೊತೆ ಎತ್ತು ಇದ್ದವು. ಬಂಗಾರಪೇಟೆಯನ್ನು ಇನ್ನೂ ಬೌರಿಂಗ್‌ಪೇಟೆ ಎಂದೇ ಕರೆಯುತ್ತಿದ್ದ ಮೂವತ್ತರ ದಶಕದ ಮಾತು ಇದು. ಅಲ್ಲಿಗೂ ಚಾಂಪಿಯನ್ ರೀಫ್ಸಿಗೂ ಹುಡುಗರನ್ನು ಆಟಕ್ಕೆ ಒಯ್ಯಲು ಗಾಡಿ ಬೇಕಿತ್ತು. ಗಾಡಿಯನ್ನು ಡೈರೆಕ್ಟರು ಮಾಡಲು ಬರುವುದಿಲ್ಲವಲ್ಲ, ಅದಕ್ಕೆ ಗಾಡಿಯವನನ್ನು ಮಾಡಿದರು.

ಡೈರೆಕ್ಟರು ಅನ್ನುವ ಮಾತನ್ನು ತಂದವರು ಕ್ಲಬ್ಬಿನ ಅಧ್ಯಕ್ಷ ಶ್ರೀನಿವಾಸಪ್ಪ ಮೇಷ್ಟರು. ಪೇಟೆಯಲ್ಲಿ ಹೊಸದಾಗಿ ಎದ್ದ ಸಹಕಾರ ಸಂಘಕ್ಕೆ ಡೈರೆಕ್ಟರುಗಳಿದ್ದರು. ನಮ್ಮ ಕ್ಲಬ್ಬೇನು ಕಡಿಮೆಯೇ ಅಂತ ಮೇಷ್ಟರು ತಮ್ಮನ್ನೂ ಸೇರಿಸಿ ಐದು ಜನರನ್ನು ನೇಮಿಸಿದರು. ಸಂಬಳವಿಲ್ಲ, ಸಾರಿಗೆಯಿಲ್ಲ, ಬೈಗುಳ ಮಾತ್ರ ಧಾರಾಳ. ಆ ಬೈಗುಳದ ಐದೂ ಪಾಲು ಚಿಕ್ಕಮುನಿಯಪ್ಪನಿಗೇ ಬರುತ್ತಿತ್ತು, ಏಕೆಂದರೆ ಉಳಿದ ನಾಲ್ವರು ಸೋತ ದಿನ ಹಿಂದಿನ ಬೀದಿಯಿಂದ ಮನೆ ಸೇರುತ್ತಿದ್ದರು.

ಇವನು ಹಾಗಲ್ಲ. ಹಳ್ಳಿಯಿಂದ ಹಿಂಡಿ, ಬೂಸಾ, ಹುಲ್ಲು ತಂದು ಆಂಡರ್ಸನ್‌ಪೇಟೆಯಲ್ಲಿ ಮಾರುವವನು, ಹೇಗೂ ಮನೆಮನೆಗೆ ಹೋಗಲೇಬೇಕು. ಸೋತ ಮರುದಿನ ಸಾವಿನ ಮನೆಗೆ ಮಾತಾಡಿಸಿಕೊಂಡು ಬರಲು ಹೋಗುವವನ ಹಾಗೆ ಮೆಲ್ಲಗೆ ಹೋಗಿ ಜಗುಲಿ ಮೇಲೆ ಕೂರುತ್ತಿದ್ದ. ಗೋಲು ಕಾಯುವವನನ್ನು ಯಾಕೆ ಬದಲಾಯಿಸಲಿಲ್ಲ, ಆ ಕುಂಟನನ್ನು ಯಾಕೆ ಆಡಿಸಿದಿರಿ ಅಂತ ಅವರು ಬೈದಷ್ಟೂ ಬೈಸಿಕೊಂಡು, ಕೊಟ್ಟ ಕಾಫಿ ಕುಡಿದು, ಎದ್ದು "ಬತ್ತೀನಿ" ಅನ್ನುತ್ತಿದ್ದ. ಬೈದವರು ಬೈದ ಬಾಯಲ್ಲೇ "ಓಗಿ ಬಾ ಡೈರೆಕ್ಟ್ರಣ್ಣ" ಅನ್ನುತ್ತಿದ್ದರು. ಅಲ್ಲಿಗೆ ಕ್ಲಬ್ಬಿನ ಮೇಲಿನ ಸಿಟ್ಟು ಇಳಿದಂತೆ.

ಇನ್ನು ಅವನ ಮೀಸೆ. ಹರಳೆಣ್ಣೆ ಹಚ್ಚಿ ಹುರಿ ಮಾಡಿದ ಮೀಸೆ, ಗಾಡಿಗಿಂತ ಮೊದಲು ಅದೇ ಊರು ಸೇರುತ್ತದೆ ಅಂತ ಹಾಸ್ಯ ಮಾಡುತ್ತಿದ್ದರು. ಆಟದ ಹೊತ್ತಿಗೆ ಗಣಿಯೊಳಗೆ ಪಾಳಿಯಲ್ಲಿರುತ್ತಿದ್ದವರು ಕೆಲಸ ಮುಗಿಸಿ ರಸ್ತೆಗೆ ಬಂದು ನಿಂತು ಗಾಡಿ ಕಾಯುತ್ತಿದ್ದರು. ಯಾರೂ ಏನೂ ಕೇಳುತ್ತಿರಲಿಲ್ಲ. ಮೀಸೆಯ ತುದಿ ಮೇಲಕ್ಕಿದ್ದರೆ ಗೆದ್ದೆವು, ಇಳಿಬಿದ್ದಿದ್ದರೆ ಸೋತೆವು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರಲ್ಲ, ಇಲ್ಲಿ ತಿರುಗಾಮುರುಗಾ. ಬೀಳುವವರು ಹುಡುಗರು, ಮಣ್ಣಾಗುವುದು ಇವನ ಮೀಸೆ. ಹಳ್ಳಿಯ ಮನೆಯಲ್ಲಿ ಕಣ್ಣು ಮಂಜಾಗಿ ಕೂತಿದ್ದ ಅವನ ಅಪ್ಪ ಮುನಿಸ್ವಾಮಪ್ಪನೂ ಮಗ ಬಂದ ಕೂಡಲೇ ಕೈಚಾಚಿ ಮೀಸೆ ಮುಟ್ಟಿ ನೋಡಿ, ಗೆದ್ದರೋ ಸೋತರೋ ತಿಳಿದುಕೊಳ್ಳುತ್ತಿದ್ದ.

ಇಂಥ ಮನುಷ್ಯನ ಕೈಯಿಂದಲೇ ಕ್ಲಬ್ಬಿನ ಕತ್ತಿಗೆ ಹಗ್ಗ ಬಿತ್ತು ಅಂದರೆ ನಂಬುತ್ತೀರಾ? ಬಿತ್ತು.

ಒಂದು ಭಾನುವಾರ ಮೇಷ್ಟರ ಮನೆಯ ಜಗುಲಿಯಲ್ಲಿ ಡೈರೆಕ್ಟರುಗಳ ಸಭೆ ಸೇರಿತ್ತು. ರಾಬರ್ಟ್‌ಸನ್‌ಪೇಟೆಯ ದೊಡ್ಡ ಕ್ಲಬ್ಬೊಂದು ಬಾಲಾಂಜನೇಯವನ್ನು ತನ್ನೊಳಗೆ ಸೇರಿಸಿಕೊಳ್ಳಲು ಕೇಳಿತ್ತು. ಮೇಷ್ಟರದು ಕೆಟ್ಟ ಬುದ್ಧಿಯಲ್ಲ. ನಮ್ಮ ಹುಡುಗರಿಗೂ ಬೂಟು ಸಿಗಲಿ, ಒಳ್ಳೆಯ ಮೈದಾನ ಸಿಗಲಿ, ಹೆಸರೊಂದು ಹೋದರೆ ಹೋಗಲಿ ಅಂತ ಅವರ ಲೆಕ್ಕ. ಅವರ ಕಡೆ ಒಬ್ಬರು, ಎದುರು ಇಬ್ಬರು. ಮಾತು ಅರ್ಧ ಇಂಗ್ಲಿಷಿನಲ್ಲಿ ನಡೆದಿತ್ತು, ಚಿಕ್ಕಮುನಿಯಪ್ಪನ ಕಿವಿ ಬೀದಿಯ ಕಡೆ ಇತ್ತು. ಅಷ್ಟರಲ್ಲಿ ಹೊರಗೆ ಎತ್ತಿನ ಕೊರಳ ಗಂಟೆ ಜೋರಾಗಿ ಅಲುಗಿತು. ಎಡಗಡೆಯ ಎತ್ತು ಹಗ್ಗ ಬಿಚ್ಚಿಕೊಳ್ಳುವುದರಲ್ಲಿ ಬಲು ಗಟ್ಟಿಗ. ಎದ್ದು ಹೋಗಿ ಕಟ್ಟಿಬರಬೇಕು, ಆದರೆ ಮೇಷ್ಟರ ಎದುರು ಸುಮ್ಮನೆ ಎದ್ದು ಹೋಗುವುದುಂಟೇ? ಶಾಲೆಯಲ್ಲಿ ಕಲಿತ ಮರ್ಯಾದೆ. ಕೈ ಎತ್ತಿದ. ಸರಿಯಾಗಿ ಅದೇ ಹೊತ್ತಿಗೆ ಮೇಷ್ಟರು, "ಒಪ್ಪಿಗೆ ಇರುವವರು ಕೈ ಎತ್ತಿ" ಅಂದಿದ್ದರು.

ಮೇಷ್ಟರು ತಲೆಯಾಡಿಸಿದರು. ಅಪ್ಪಣೆ ಸಿಕ್ಕಿತೆಂದು ಇವನು ಹೊರಗೆ ಹೋಗಿ ಎತ್ತು ಕಟ್ಟಿ ಬಂದ. ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮುಂದಿನ ಭಾನುವಾರ ಖಾಯಂ ಮಾಡುವುದೊಂದು ಬಾಕಿ ಅಂತ ಯಾರೋ ಅಂದರು, ಇವನೂ ಹೂಂ ಅಂದ. ಕಾಫಿ ಕುಡಿದು ಮನೆಗೆ ಹೋದ.

ಮರುದಿನ ಬೆಳಿಗ್ಗೆ ಆಟದ ಬಯಲಲ್ಲಿ ಬೇಯಿಸಿದ ಕಡಲೆಕಾಯಿ ಮಾರುವ ಮುತ್ಯಾಲಮ್ಮ ಅವನನ್ನು ನೋಡಿ ಮುಖ ತಿರುಗಿಸಿದಳು. ಬಾಲಾಂಜನೇಯದ ಪ್ರತಿ ಆಟಕ್ಕೂ ಬಂದು ಕೂಗಿ ಗಂಟಲು ಹರಿದುಕೊಳ್ಳುತ್ತಿದ್ದ ಮುದುಕಿ. "ಏಂ ನಾಯನಾ, ಕ್ಲಬ್ಬು ಮಾರ್ಕೊಂಡು ಬಂದ್ಯಾ?" ಅಂತ ಅರ್ಧ ತೆಲುಗಿನಲ್ಲಿ ಅಂದಳು. ಆಗ ಅವನಿಗೆ ಗೊತ್ತಾಯಿತು, ತಾನು ಎತ್ತಿದ ಕೈ ಎಲ್ಲಿಗೆ ಹೋಗಿ ಬಿತ್ತು ಅಂತ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕೈ ಎತ್ತಿದರೂ ಹೋಯಿತು ಅಂತ ಗಾದೆಯವರು ಹೇಳಿರಲಿಲ್ಲ.

ಓಡಿದ್ದು ಕೋದಂಡಪ್ಪನ ಮನೆಗೆ. ಇಬ್ಬರದೂ ಒಂದೇ ಹಳ್ಳಿ, ಒಟ್ಟಿಗೆ ದನ ಕಾದವರು. ಕೋದಂಡಪ್ಪ ಗಣಿ ಕೆಲಸಕ್ಕೆ ಸೇರಿ ಪೇಟೆಯಲ್ಲಿ ನೆಲೆನಿಂತಿದ್ದ, ಕ್ಲಬ್ಬಿನ ಅಭಿಮಾನಿಗಳಿಗೆಲ್ಲ ಅವನೇ ಯಜಮಾನ. ಬಾಗಿಲಲ್ಲೇ ನಿಂತು ಹೇಳಿದ:

"ಕೈ ಎತ್ತಿದ್ದಕ್ಕೆ ರಾಬರ್ಟ್‌ಸನ್‌ಪೇಟೆ ಕ್ಲಬ್ಬಿನ ಸಾವ್ಕಾರ್ರ ಎಮ್ಮೆಗಳಿಗೆಲ್ಲ ಇನ್ಮೇಲೆ ನಿಂದೇ ಇಂಡಿ ಅಂತೆ? ಒಳ್ಳೇದು ಬುಡು. ನಮ್ಮ ಪಾಲಿಗೆ ಕ್ಲಬ್ಬು ಸತ್ತೋಯ್ತು."

ಚಿಕ್ಕಮುನಿಯಪ್ಪ ಬೀದಿಯಲ್ಲೇ ನಿಂತ. ಎತ್ತಿನ ವಿಷಯ ಹೇಳಬೇಕು. ಹೇಗೆ ಹೇಳುವುದು? ಮಾತು ತಿಳಿಯದೆ, ಎತ್ತು ಕಟ್ಟಲು ಕೈ ಎತ್ತಿದೆ ಅಂದರೆ ಮೂರು ಪೇಟೆಯೂ ನಗುತ್ತದೆ, ಹಳ್ಳಿ ಗುಗ್ಗು ಅನ್ನುತ್ತದೆ. ಕಳ್ಳ ಅನ್ನಿಸಿಕೊಳ್ಳುವುದಕ್ಕಿಂತ ದಡ್ಡ ಅನ್ನಿಸಿಕೊಳ್ಳುವುದೇ ಕಷ್ಟ ಅಂತ ಅವನಿಗೆ ಆ ದಿನ ತಿಳಿಯಿತು. "ಬತ್ತೀನಿ ಕಣ್ಲಾ" ಅಂದ. ಕೋದಂಡಪ್ಪ ಓಗಿ ಬಾ ಅನ್ನಲಿಲ್ಲ. ಸಾವಿನ ಮನೆಯಿಂದ ಹೊರಡುವವರಿಗೆ ಹಾಗೆ ಅನ್ನಬಾರದಲ್ಲ. ಆ ವಾರವೆಲ್ಲ ಯಾವ ಜಗುಲಿಯಲ್ಲೂ ಅವನನ್ನು ಯಾರೂ ಬೈಯಲಿಲ್ಲ. ಬೈಗುಳವಿಲ್ಲದ ಮನೆಗಳಿಂದ ಹೊರಬರುವಾಗ ಅವನಿಗೆ ಅಳು ಬರುತ್ತಿತ್ತು. ಹೆಂಡತಿ ಅನಸೂಯಮ್ಮ ಇಟ್ಟ ಮುದ್ದೆಯನ್ನು ಎತ್ತುಗಳಿಗೆ ಹಾಕಿಬಿಡುತ್ತಿದ್ದ.

ಭಾನುವಾರ ಬಂತು. ಸಂಜೆ ಖಾಯಂ ಮಾಡುವ ಸಭೆ. ಬೆಳಿಗ್ಗೆ ಕೋದಂಡಪ್ಪನ ಗುಂಪು ಆಟದ ಬಯಲಿನ ಹೊಂಗೆ ಮರದಡಿ ಕ್ಲಬ್ಬಿನ ತಿಥಿ ಇಟ್ಟುಕೊಂಡಿತ್ತು. ಹಾಸ್ಯವೆಂದುಕೊಳ್ಳಬೇಡಿ, ಎಲ್ಲ ಕ್ರಮವಾಗಿಯೇ. ಗಾಳಿ ಇಳಿದ ಚೆಂಡಿಗೆ ಹೂವಿನ ಹಾರ. ತೀರಿಕೊಂಡವರಿಗೆ ಇಷ್ಟವಾದದ್ದನ್ನು ಎಡೆಗೆ ಇಡಬೇಕಲ್ಲ, ಅದಕ್ಕೆ ಮುತ್ಯಾಲಮ್ಮನ ಕಡಲೆಕಾಯಿ, ಕಿತ್ತಳೆಯ ತೊಳೆ, ಮಂಡಿಗೆ ತಿಕ್ಕುವ ಎಣ್ಣೆಯ ಸೀಸೆ. ಒಂದು ಕಡೆ ಒಲೆಯ ಮೇಲೆ ಕಾಳುಸಾರು. ಕ್ಷೌರದ ಜಯರಾಮಪ್ಪ ಪೆಟ್ಟಿಗೆ ಬಿಚ್ಚಿಕೊಂಡು ಕೂತಿದ್ದ.

ಕೋದಂಡಪ್ಪ ಎದ್ದು ನಿಂತು ಗಟ್ಟಿಯಾಗಿ ಕೂಗಿದ: "ಅನಾಥ ಎಣ! ಕರ್ಮ ಮಾಡಕ್ಕೆ ಮಗ ಇಲ್ಲ. ಡೈರೆಕ್ಟ್ರುಗಳು ಐದು ಜನ ಅವ್ರಲ್ಲ, ಬರ್ಲಿ ಒಬ್ಬ, ಕೂತ್ಕೊಂಡು ತಲೆ ಬೋಳಿಸ್ಕೊಳ್ಳಿ!"

ಜನ ಹೋ ಅಂದರು. ಆ ಕೂಗು ನಿಲ್ಲುವ ಮೊದಲೇ ಬಯಲಿನ ಅಂಚಿನಲ್ಲಿ ಗಾಡಿ ನಿಂತಿತು. ಚಿಕ್ಕಮುನಿಯಪ್ಪ ಇಳಿದ. ಸಾವಿನ ಊಟಕ್ಕೆ ಕರೆಯಬೇಕಿಲ್ಲ, ಗೊತ್ತಾದರೆ ಹೋಗಬೇಕು ಅನ್ನುವುದು ಹಳ್ಳಿಯ ಧರ್ಮ. ನಡೆದು ಬಂದು ಜಯರಾಮಪ್ಪನ ಎದುರು ಕೂತ, ರುಮಾಲು ತೆಗೆದು ತೊಡೆಯ ಮೇಲಿಟ್ಟ.

"ತೆಗಿಯಪ್ಪಾ. ಮೊದ್ಲು ಮೀಸೆ."

"ಬ್ಯಾಡಣ್ಣ. ನಿಮ್ಮಪ್ಪ ಇನ್ನೂ ಗಟ್ಟಿಯಾಗವ್ರೆ."

ಅಪ್ಪ ಬದುಕಿರುವಾಗ ಮೀಸೆ ಬೋಳಿಸುವುದು ಅಂದರೆ ಸಣ್ಣ ಮಾತೇ? ಚಿಕ್ಕಮುನಿಯಪ್ಪ ಜಯರಾಮಪ್ಪನ ಕತ್ತಿಯಿದ್ದ ಮುಂಗೈ ಹಿಡಿದು ತಾನೇ ಎಳೆದುಕೊಂಡ. ಒಂದೇ ಎಳೆತ. ಬಲಗಡೆಯ ಮೀಸೆ ರುಮಾಲಿನ ಮೇಲೆ ಬಿತ್ತು.

ಕೋದಂಡಪ್ಪ ಜಿಗಿದು ಬಂದು ಕತ್ತಿ ಕಿತ್ತುಕೊಂಡ. "ಏನ್ಲಾ ಮಾಡ್ತಿದ್ದೀಯ, ಮುಟ್ಠಾಳ! ಬದುಕಿರೋ ಅಪ್ಪನ್ಗೆ ಕರ್ಮ ಮಾಡ್ತೀಯಾ?"

"ಕ್ಲಬ್ಬೂ ಬದುಕೈತೆ ಕಣ್ಲಾ. ಬದುಕಿರೋದಕ್ಕೆ ಎಡೆ ಇಟ್ಟೋನು ನೀನು. ನಿಂದು ಸರಿ ಆದ್ರೆ ನಂದೂ ಸರಿ."

ಆಗ ಚಿಕ್ಕಮುನಿಯಪ್ಪ, ಅರ್ಧ ಬೋಳಾದ ಬಾಯಲ್ಲಿ, ಎಲ್ಲರ ಎದುರು ಹೇಳಿಬಿಟ್ಟ. ಎತ್ತಿನ ಗಂಟೆ ಕೇಳಿಸಿದ್ದು, ಬಿಚ್ಚಿಕೊಳ್ಳುತ್ತಿದ್ದ ಹಗ್ಗ, ಅಪ್ಪಣೆಗೆ ಅಂತ ಎತ್ತಿದ ಕೈ. "ಸಾವ್ಕಾರ್ರ ಎಮ್ಮೆ ನಾನು ಕಣ್ಣಲ್ಲೂ ಕಂಡಿಲ್ಲ. ದಡ್ಡತನ ಏಳ್ಕೊಳ್ಳಾಕೆ ನಾಚ್ಕೆ ಆಯ್ತು, ಅಷ್ಟೇಯ."

ಮೊದಲು ನಕ್ಕವಳು ಮುತ್ಯಾಲಮ್ಮ. ಆಮೇಲೆ ಬಯಲೇ ನಕ್ಕಿತು. ಅವನು ಹೆದರಿದ್ದು ಈ ನಗುವಿಗೇ. ಆದರೆ ಬಂದಾಗ ನೋಡಿದರೆ ಅದು ವಾರದಿಂದ ಹಸಿದವನಿಗೆ ಅನ್ನ ಬಡಿಸಿದ ಹಾಗಿತ್ತು. ಕೋದಂಡಪ್ಪ ನಗುತ್ತ ನಗುತ್ತ ಕಣ್ಣೊರೆಸಿಕೊಂಡು, "ಎತ್ತಿಗಿರೋ ಬುದ್ಧಿ ನಿನಗಿಲ್ವಲ್ಲೋ" ಅಂತ ಬೈದ. ಆಹಾ, ಆ ಬೈಗುಳ ಎಷ್ಟು ಚೆನ್ನಾಗಿ ಕೇಳಿಸಿತು!

"ಆಂಜನೇಯ ಚಿರಂಜೀವಿ ಕಣ್ರೋ, ಅವನ ಎಸ್ರಿಗೆ ಯಾವನಾದ್ರೂ ತಿಥಿ ಮಾಡ್ತಾನಾ?" ಅಂತ ಮುತ್ಯಾಲಮ್ಮ ಚೆಂಡಿನ ಹಾರ ಕಿತ್ತು ಎಸೆದಳು, ತನ್ನ ಕಡಲೆಕಾಯಿಯನ್ನೂ ವಾಪಸು ಬುಟ್ಟಿಗೆ ಹಾಕಿಕೊಂಡಳು.

"ಅಣ್ಣ, ಉಳಿದಿದ್ದೂ ತೆಗೆದು ಒಂದು ಸಮ ಮಾಡ್ಲಾ?" ಅಂದ ಜಯರಾಮಪ್ಪ.

"ಬ್ಯಾಡ. ಅದು ಸಂಜೆಗೆ ಬೇಕು."

ಊಟ ಮುಗಿಸಿ ಗಾಡಿ ಹತ್ತಿ, ಅಭ್ಯಾಸಬಲದಿಂದ "ಬತ್ತೀನಿ" ಅಂದುಬಿಟ್ಟ. ತಿಥಿಯ ಜಾಗದಲ್ಲಿ ಆಡಬಾರದ ಮಾತು. ನಾಲಿಗೆ ಕಚ್ಚಿಕೊಂಡ. ಕೋದಂಡಪ್ಪನೇ ಮುಂದೆ ಬಂದು, "ಓಗಿ ಬಾರ್ಲಾ" ಅಂದ. ಹಿಂದಿನಿಂದ ಬಯಲಿನ ಜನವೆಲ್ಲ ಒಂದೇ ಕೊರಳಲ್ಲಿ "ಓಗಿ ಬಾ ಡೈರೆಕ್ಟ್ರಣ್ಣ" ಅಂತ ಕೂಗಿದರು.

ಸಂಜೆ ಮೇಷ್ಟರ ಜಗುಲಿಯಲ್ಲಿ ಡೈರೆಕ್ಟರುಗಳೆಲ್ಲ ಅರ್ಧ ಮೀಸೆಗೆ ಜಾಗ ಬಿಟ್ಟು ಸರಿದು ಕೂತರು. ಮೇಷ್ಟರು ಕೆಮ್ಮಿ, "ಖಾಯಂ ಮಾಡಲು ಒಪ್ಪಿಗೆ ಇರುವವರು ಕೈ ಎತ್ತಿ" ಅಂದರು. ಚಿಕ್ಕಮುನಿಯಪ್ಪ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತ. ಹೊರಗೆ ಗಂಟೆ ಅಲುಗಿತು. ಎಡಗಡೆಯವನೇ, ಅನುಮಾನವಿಲ್ಲ. ಇನ್ನೊಮ್ಮೆ ಅಲುಗಿತು, ಹಗ್ಗ ಜಾರಿದ ಸದ್ದೂ ಆಯಿತು. ಹೋದರೆ ಹೋಗಲಿ ಬೌರಿಂಗ್‌ಪೇಟೆಗೇ ಅಂತ ಅವನು ಅಲುಗಾಡಲಿಲ್ಲ. ಐದು ಜನರಲ್ಲಿ ಎದ್ದದ್ದು ಎರಡೇ ಕೈ.

"ಹೋದ ವಾರ ಎತ್ತಿದ್ದಿರಲ್ಲ?" ಅಂದರು ಮೇಷ್ಟರು.

"ಅದು ಎತ್ತಿಗೆ ಎತ್ತಿದ್ದು ಬುದ್ಧಿ, ಕ್ಲಬ್ಬಿಗಲ್ಲ" ಅಂದ. ಕತೆ ಕೇಳಿ ಮೇಷ್ಟರು ಖಾಯಂ ಮಾಡಬೇಕಿದ್ದ ಕಾಗದವನ್ನು ಮಡಿಸಿ ಜೇಬಿಗಿಟ್ಟರು. ಆಮೇಲೆ, "ನಡೀರಿ, ಮೊದಲು ಎತ್ತು ಹಿಡಿಯೋಣ" ಅಂತ ತಾವೇ ಬೀದಿಗಿಳಿದರು.

ಆ ಸಂಜೆ ಪಾಳಿ ಬಿಟ್ಟವರೂ ತಿಥಿ ಉಂಡವರೂ ರಸ್ತೆಯಂಚಿನಲ್ಲಿ ನಿಂತು ಕಾಯುತ್ತಿದ್ದರು. ಗಾಡಿ ಬಂತು. ಮೊದಲು ಕಂಡದ್ದು ಬಲಗೆನ್ನೆಯ ಬೋಳು. ಚಿಕ್ಕಮುನಿಯಪ್ಪ ನಿಧಾನವಾಗಿ ಮುಖ ತಿರುಗಿಸಿ ಉಳಿದರ್ಧವನ್ನು ತೋರಿಸಿದ. ತುದಿ ಮೇಲಕ್ಕೆ ಚುಚ್ಚಿಕೊಂಡು ನಿಂತಿತ್ತು. ಕೋದಂಡಪ್ಪ ಹಾಕಿದ ಶಿಳ್ಳೆಗೆ ಎತ್ತುಗಳು ಬೆದರಿದವು.

ಹಳ್ಳಿ ಸೇರಿದಾಗ ಅಪ್ಪ ಜಗುಲಿಯ ಮೇಲೆ ಕೂತಿದ್ದ. ಎಂದಿನಂತೆ ಕೈ ಚಾಚಿದ. ಬೆರಳಿಗೆ ನುಣ್ಣನೆಯ ಕೆನ್ನೆ ಸಿಕ್ಕಿತು. ಮುದುಕನ ಕೈ ಅಲ್ಲೇ ನಿಂತುಹೋಯಿತು.

"ಯಾರ್ಲಾ ಮಗಾ ಓಗ್ಬುಟ್ರು?"

"ಯಾರೂ ಓಗಿಲ್ಲ ಕಣಪ್ಪ. ಈ ಕಡೆ ಮುಟ್ಟಿ ನೋಡು."

ಮುದುಕ ಮಗನ ಮೂಗಿನ ಕೆಳಗಿಂದ ಬೆರಳು ಸರಿಸಿದ. ಎಡಗಡೆಯ ಮೀಸೆ ಸಿಕ್ಕಿತು. ಅದರ ಹುರಿ ಹಿಡಿದುಕೊಂಡೇ ಮೇಲೆ ತುದಿಯವರೆಗೂ ಹೋದ.

"ಗೆದ್ದವ್ರೆ" ಅಂದ.