ಹರಿಶ್ಚಂದ್ರ ಘಾಟಿನ ನೀಲಿ ಗೆರೆ

ಬನಾರಸ್‌ನಲ್ಲಿ ರೈಲಿಳಿದಾಗ ಬೆಳಗ್ಗೆಯೇ ಬಿಸಿಲು ಚುರುಗುಟ್ಟುತ್ತಿತ್ತು. ಜೂನ್ ತಿಂಗಳಲ್ಲಿ ಕಾಶಿಗೆ ಹೋಗುತ್ತೇನೆಂದಾಗ ಮನೆಯವರು ನಕ್ಕಿದ್ದು ಸರಿಯೇ ಇತ್ತು. ಅಸ್ಸಿ ಘಾಟಿಗೆ ಇನ್ನೂರೈವತ್ತು ಕೇಳಿದ ಆಟೋದವನು, ನಾನು ಚೀಲ ಎತ್ತಿಕೊಂಡು ಮುಂದೆ ನಡೆದಂತೆ ಮಾಡಿದ ಮೇಲೆ ನೂರೈವತ್ತಕ್ಕೆ ಒಪ್ಪಿದ. ನಾನು ಬಂದದ್ದು ದೇವರ ದರ್ಶನಕ್ಕಲ್ಲ, ಗೆಳತಿ ವಿದ್ಯಾಳ ಕಲಾಕೃತಿ ನೋಡಲು.

ಧಾರವಾಡದ ವಿದ್ಯಾ ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ಚಿತ್ರಕಲೆ ಕಲಿಸುತ್ತಾಳೆ. ಹವಾಮಾನ ಹೀಗೇ ಕೆಡುತ್ತ ಹೋದರೆ ಗಂಗೆಯ ಪ್ರವಾಹ ಎಲ್ಲಿಯವರೆಗೆ ಏರೀತು ಎಂಬುದನ್ನು ಘಾಟುಗಳ ಹಿಂದಿನ ಗಲ್ಲಿಗಳ ಗೋಡೆಯ ಮೇಲೆ ಬರೆದಿದ್ದಳು. ಅಂಗೈ ಅಗಲದ ಒಂದೇ ನೀಲಿ ಗೆರೆ. ಇಷ್ಟೇನಾ ಎಂದು ಮೊದಲು ಅನ್ನಿಸಿತು. ಗಲ್ಲಿ ಹೊಳೆಯ ಕಡೆಗೆ ಇಳಿಯುತ್ತ ಹೋದಂತೆ ಮೊಣಕಾಲಿನ ಮಟ್ಟದಲ್ಲಿದ್ದ ಗೆರೆ ಎದೆಗೆ ಬಂತು, ಆಮೇಲೆ ತಲೆಯ ಮೇಲಕ್ಕೆ ಹೋಯಿತು.

ಮಧ್ಯಾಹ್ನ ಊಟಕ್ಕೆ ಹರಿಶ್ಚಂದ್ರ ಘಾಟಿನ ಹತ್ತಿರ ಶಾರದಮ್ಮನವರ ಮನೆಗೆ ಹೋದೆವು. ಅವರ ಅಜ್ಜ ಕರ್ನಾಟಕದ ಮಠವೊಂದರ ಅಡುಗೆಗೆಂದು ಇಲ್ಲಿಗೆ ಬಂದವರು. ಶಾರದಮ್ಮ ಬಾಡಿಗೆ ಮನೆಯಲ್ಲಿ ಯಾತ್ರಿಕರಿಗೆ ಅನ್ನ ಸಾರು ಬಡಿಸಿ ಜೀವನ ನಡೆಸುತ್ತಾರೆ. ಅವರ ಮನೆಯ ಗೋಡೆಯ ಮೇಲೂ, ಬಾಗಿಲಿಗಿಂತ ಎತ್ತರದಲ್ಲಿ, ನೀಲಿ ಗೆರೆ ಹಾದುಹೋಗಿತ್ತು. ಒಳಗೆ ಒಲೆ ತಣ್ಣಗಿತ್ತು, ದೊಡ್ಡ ಪಾತ್ರೆಗಳ ಜಾಗ ಖಾಲಿ.

"ಊಟ ಎಲ್ಲಿಂದ ಬರ್ಬೇಕು ವಿದ್ಯಾ? ಕಢಾಯಿ, ಪಾತ್ರೆ ಎಲ್ಲ ಮುಘಲ್‌ಸರಾಯ್‌ಗೆ ಮಗಳ ಮನೆಗೆ ಕಳಿಸ್ಬಿಟ್ಟೆ. ಮನೆ ಒಡೀತಾರೆ. ದೀವಾರ್ ಮೇಲೆ ನಿಶಾನ್ ಹಾಕಿದಾರಲ್ಲ, ನೋಡ್ಲಿಲ್ವಾ?"

ವಿದ್ಯಾಳ ಮುಖ ಸಪ್ಪಗಾಯಿತು. ಈ ಊರಿನ ಗೋಡೆಯ ಮೇಲೆ ಬಣ್ಣದ ಗುರುತು ಬಿತ್ತೆಂದರೆ ರಸ್ತೆ ಅಗಲ ಮಾಡಲು ಮನೆ ಕೆಡವುತ್ತಾರೆಂದೇ ಜನ ತಿಳಿಯುತ್ತಾರೆ. ಅವಳು ಲಖನೌದಲ್ಲಿರುವ ಮನೆ ಮಾಲೀಕನ ಒಪ್ಪಿಗೆ ಪಡೆದಿದ್ದಳು. ಬರೆಯುವ ದಿನ ಶಾರದಮ್ಮ ಊರಲ್ಲಿರಲಿಲ್ಲ, ಆಮೇಲೆ ಹೇಳಿದರಾಯಿತು ಎಂದುಕೊಂಡಿದ್ದಳು.

"ಅಯ್ಯ, ಅದನ್ನ ಬರದಾಕಿ ನಾನರೀ! ಒಡಿಯಾಕಲ್ರೀ. ಗಂಗಿ ನೀರು ಮುಂದ ಅಲ್ಲಿತನಕಾ ಬರತದ ಅಂತ ತೋರಸಾಕ."

ಶಾರದಮ್ಮ ಕುಸಿದು ಕುಳಿತರು. ಕಣ್ಣೊರೆಸಿಕೊಳ್ಳುತ್ತಲೇ ನಕ್ಕರು. "ನೀರಾ? ನೀರು ಬಂದ್ರೆ ವಾಪಸ್ ಹೋಗತ್ತೆ ಬೇಟಿ! ಬಾಢ್ ಬಂದು ನೀರು ನುಗ್ಗಿದಾಗೆಲ್ಲ ಪಾತ್ರೆ ಅಟ್ಟಕ್ಕೆ ಹಾಕಿ ಮಠದಲ್ಲಿ ಹೋಗಿ ಕೂತ್ಕೋತೀನಿ. ಬುಲ್ಡೋಜರ್ ಬಂದ್ರೆ ಎಲ್ಲಿಗೆ ಹೋಗ್ಲಿ?"

ನನಗೂ ಹಾಯೆನಿಸಿತು. ವಿದ್ಯಾ ಮಾತ್ರ ಪೆಚ್ಚಾಗಿದ್ದಳು. ಎಚ್ಚರಿಸಲೆಂದು ಬರೆದ ಗೆರೆ ಸಮಾಧಾನ ತಂದಿತ್ತು.

ಶಾರದಮ್ಮ ಆಗಲೇ ಅಳಿಯನಿಗೆ ಫೋನ್ ಮಾಡಿ, ಪಾತ್ರೆಗಳನ್ನು ನಾಳೆಯೇ ತರಬೇಕೆಂದು ತಾಕೀತು ಮಾಡಿದರು. ಉಳಿದಿದ್ದ ಪುಟ್ಟ ಕುಕ್ಕರಿನಲ್ಲಿ ಖಿಚಡಿ ಇಟ್ಟರು. ಉಪ್ಪಿನಕಾಯಿ ಜೊತೆ ಅದು ಬಹಳ ರುಚಿಯಾಗಿತ್ತು.

ಬೀಳ್ಕೊಡಲು ಹೊರಗೆ ಬಂದವರು ತಲೆಯೆತ್ತಿ ಗೆರೆಯನ್ನು ನೋಡಿದರು. ಬಾಗಿಲಿನಿಂದ ಒಳಗಿನ ಅಟ್ಟದ ಕಡೆ ನೋಡಿದರು. ಕೈಯೆತ್ತಿ ಎರಡರ ಎತ್ತರ ಅಂದಾಜು ಮಾಡಿದರು.

"ಅಟ್ಟಾನೇ ಮುಳುಗತ್ತಲ್ಲ," ಎಂದರು.

ಸಂಜೆಯ ರೈಲಿಗೆ ಹೊತ್ತಾಗುತ್ತಿತ್ತು, ಆಟೋ ಹಿಡಿಯಲು ಭೇಲೂಪುರದ ಕಡೆಗೆ ನಡೆದೆವು. ಗಲ್ಲಿಯ ತಿರುವಿನಲ್ಲಿ ಹಿಂತಿರುಗಿ ನೋಡಿದೆ. ಶಾರದಮ್ಮ ಗೆರೆಯ ಕೆಳಗೇ ನಿಂತು ಮತ್ತೆ ಅಳಿಯನಿಗೆ ಫೋನ್ ಮಾಡಿದ್ದರು. ಪಾತ್ರೆ ತರುವುದು ಬೇಡ, ಅಲ್ಲೇ ಇರಲಿ ಎಂದು ಹಿಂದಿಯಲ್ಲಿ ಹೇಳುತ್ತಿದ್ದರು.