ಬಂದಗಿಸಾಬರ ಪಾಳಿಗೆ ಬರುವ ಮೇಜರ್

ಬೆಳಗಿನ ಐದೂವರೆ. ಬೇಡಕಿಹಾಳದ ಹೊಲವೊಂದರಲ್ಲಿ ಕಾಲುವೆಯ ನೀರು ಡಿಸೆಂಬರಿನ ಚಳಿಗೆ ಕಾಲು ಕಚ್ಚುವಷ್ಟು ತಣ್ಣಗಿದೆ. ಮೊಣಕಾಲಿನವರೆಗೆ ಪ್ಯಾಂಟು ಮಡಚಿಕೊಂಡು, ಸಲಿಕೆಯಿಂದ ಒಡ್ಡು ಕಡಿದು ಕಬ್ಬಿನ ಸಾಲಿಗೆ ನೀರು ತಿರುವುತ್ತಿರುವವರು ಮೇಜರ್ ನೇಮಿನಾಥ. ವಯಸ್ಸು ನಲವತ್ತಾರು. ಇಪ್ಪತ್ತನಾಲ್ಕು ವರ್ಷದ ಹಿಂದೆ, ಎಪ್ಪತ್ತೊಂದರ ಯುದ್ಧದಲ್ಲಿ, ಕಾಲಾಳು ಪಡೆಯ ಲೆಫ್ಟಿನೆಂಟಾಗಿ ಶೌರ್ಯ ಪದಕ ಪಡೆದವರು. ಹೊಲ ಮಾತ್ರ ಅವರದಲ್ಲ.

ಅದು ಬಂದಗಿಸಾಬರದು. ಅದೇ ಯುದ್ಧದಲ್ಲಿ ನೇಮಿನಾಥರ ತುಕಡಿಯ ಸಿಪಾಯಿ. ಶತ್ರುಗಳ ಮಷಿನ್‌ಗನ್ನಿನ ಸದ್ದಡಗಿಸಿದ ನೇಮಿನಾಥರು ತೊಡೆಗೆ ಗುಂಡು ತಿಂದು ಬಿದ್ದಿದ್ದರು. ನೆಲಬಾಂಬು ಹೂತಿದ್ದ ಬಯಲು ದಾಟಿ ಹೋಗಿ ಅವರನ್ನು ಹೆಗಲ ಮೇಲೆ ಹೊತ್ತು ತಂದವರು ಬಂದಗಿಸಾಬ. ಅಲ್ಲೇ ಬಿಟ್ಟುಬಂದ ವೈರ್‌ಲೆಸ್ ತರಲು ಮತ್ತೆ ಹೋದಾಗ ಬಾಂಬು ಸಿಡಿದು ಬಲಗಾಲು ಹೋಯಿತು. ಪದಕದ ಕಾಗದದಲ್ಲಿ ಬಂದದ್ದು ಒಂದೇ ಹೆಸರು.

ಕಟ್ಟಿಗೆಯ ಕಾಲಿನಲ್ಲೇ ಬಂದಗಿಸಾಬರು ಕಳೆ ಕೀಳುತ್ತಾರೆ, ಕಬ್ಬಿನ ಒಣಗಿದ ಎಲೆ, ರವದಿ ಸುಲಿಯುತ್ತಾರೆ. ನೀರು ಹಾಯಿಸುವುದೊಂದು ಆಗದು. ಹಸಿಮಣ್ಣಿನಲ್ಲಿ ಆ ಕಾಲು ಹೂತುಬಿಡುತ್ತದೆ. ನಿವೃತ್ತರಾಗಿ ಊರಿಗೆ ಬಂದ ವಾರವೇ ಇದನ್ನು ಕಂಡ ನೇಮಿನಾಥರು ಸಲಿಕೆ ಹಿಡಿದರು. ನಾಲ್ಕು ವರ್ಷವಾಯಿತು. ಎಂಟು ದಿನಕ್ಕೊಮ್ಮೆ ನೀರಿನ ಪಾಳಿ, ನಾಲ್ಕು ತಾಸು, ಅರವತ್ತೆರಡು ಸಾಲು. ಒಂದು ಪಾಳಿಯನ್ನೂ ಅವರು ತಪ್ಪಿಸಿಲ್ಲ.

ಮೇಜರ್ ಕಿರಾಣಿ ಅಂಗಡಿಯವರ ಮಗ. ಅಗೆಯುವುದನ್ನು ಕಲಿತದ್ದೇ ಸೇನೆಯಲ್ಲಿ. ಹಾಗಾಗಿ ಮೊದಲ ವರ್ಷ, ಗುಂಡು ನೇರ ಹಾಯದಂತೆ ಕಂದಕ ತೋಡುವ ರೀತಿಯಲ್ಲೇ ನೀರಿನ ಕಾಲುವೆಯನ್ನೂ ಅಂಕುಡೊಂಕಾಗಿ ತೋಡಿದರು. ತಿರುವು ತಿರುವಿನಲ್ಲೂ ಒಡ್ಡು ಒಡೆದು ನೀರು ಪಕ್ಕದ ಮೆಣಸಿನಕಾಯಿ ಹೊಲಕ್ಕೆ ನುಗ್ಗಿತು. "'ಸಾಹೇಬ್ರ, ಕಬ್ಬಿಗೆ ಗುಂಡ ಹೊಡ್ಯಾವ್ರು ಯಾರೂ ಇಲ್ರಿ. ಸೀದಾ ತೋಡ್ರಿ' ಅಂದ ಬಂದಗಿಸಾಬ" ಎಂದು ಅದನ್ನು ನೆನೆದು ಈಗಲೂ ಮೇಜರ್ ನಗುತ್ತಾರೆ.

ಬಂದಗಿಸಾಬರ ಹೆಂಡತಿ ರಹಿಮಾಬಿ ಚಹಾ ತರುತ್ತಾರೆ. "ಬ್ಯಾಡಂದ್ರ ಕೇಳಂಗಿಲ್ರಿ. ಜ್ವರ ಇದ್ದಾಗೂ ಬಂದಿದ್ರು" ಎಂದು ದೂರುತ್ತಾರೆ.

"ವೈನಿ, ಅವತ್ತ ನಿಮ್ಮ ಮಾಲಕ ನನ್ನ ಕೇಳಿ ಹೊತಗೊಂಡ ಬಂದಿದ್ನೇನು?" ಎನ್ನುತ್ತಾರೆ ನೇಮಿನಾಥ.

ಈಗೊಂದು ತಕರಾರು ಎದ್ದಿದೆ. ಊರವರು ಶಾಲೆಯ ಹೊಸ ಕೋಣೆಗೆ ಮೇಜರ್ ಹೆಸರಿಡಲು ಹೊರಟಿದ್ದಾರೆ. ಜನವರಿ ಇಪ್ಪತ್ತಾರಕ್ಕೆ ಹಲಗೆ ಏರಬೇಕು. ಬಂದಗಿಸಾಬರ ಹೆಸರೂ ಇರಲೆಂದು ನೇಮಿನಾಥರು ಮೂರು ಸಲ ಹೋಗಿ ಕೇಳಿದ್ದಾರೆ. ಪದಕವಿಲ್ಲದವರ ಹೆಸರು ಹೇಗೆ ಬರೆಯುವುದು, ಹಲಗೆಯಲ್ಲಿ ಜಾಗವೂ ಒಂದೇ ಹೆಸರಿಗಿದೆ ಎಂಬುದು ಹಿರಿಯರ ಉತ್ತರ.

"ನನಗ ಹಲಗಿ ಯಾಕ್ರಿ? ಪಾಳಿ ದಿನ ಸಾಹೇಬ್ರು ಬರ್ತಾರ, ಇಬ್ರೂ ಕೂಡಿ ಚಾ ಕುಡೀತೀವಿ. ಅಷ್ಟ ಸಾಕು" ಎನ್ನುತ್ತಾರೆ ಬದುವಿನ ಮೇಲೆ ಕುಳಿತ ಬಂದಗಿಸಾಬ. ನೇಮಿನಾಥರಿಗೆ ಅಷ್ಟು ಸಾಲದು. ಅಂದಿನಿಂದ ತಾವು ಕಂಡ ಪ್ರತಿ ಬೆಳಗೂ ಈ ಮನುಷ್ಯ ಕೊಟ್ಟದ್ದು ಎಂಬುದು ಅವರ ಎಣಿಕೆ.

ಕೊನೆಯ ಸಾಲಿಗೂ ನೀರು ಮುಟ್ಟಿದೆ. ಮೇಜರ್ ಸಲಿಕೆ ತೊಳೆಯುತ್ತಾರೆ.

"ಒಂದ ಹೆಸರಿಗೆ ಜಾಗ ಐತಿ ಅಂದ್ರ ಅವನ್ದ ಬರೀರಿ ಅಂತ ನಿನ್ನೆ ಹೇಳಿ ಬಂದೀನ್ರಿ. ಅಂವ ಅವತ್ತ ಬರಲಿಲ್ಲಂದ್ರೂ ಈ ಊರಾಗ ನನ್ನ ಹೆಸರ ಬರೀತಿದ್ರು, ಖರೆ. ಆದ್ರ ಅದನ್ನ ಓದಾಕ ನಾ ಇರ್ತಿರಲಿಲ್ಲ."